ಮೂಗು ಮುರಿಯದವಳು

ಪುಟ್ಟ ಬಾಟಲಿಯನ್ನು ಎಷ್ಟು ಹಿಂಡಿದರೂ ಹನಿ ಬೀಳಲಿಲ್ಲ. ಪುಸ್ ಎಂದು ಬರೀ ಗಾಳಿ ಬಂತು. ಕಟ್ಟುಹಲ್ಲು ಮಾಡುವ ಲ್ಯಾಬಿನ ಟಾಯ್ಲೆಟ್ಟಿನಲ್ಲಿ ಚಿಲಕ ಹಾಕಿಕೊಂಡು, ತಲೆಯನ್ನು ಹಿಂದಕ್ಕೆ ಚೆಲ್ಲಿ, ಛಾವಣಿಯ ತೇವದ ಕಲೆಯನ್ನೇ ನೋಡುತ್ತ ನಿಂತಿದ್ದವಳು ಕೊನೆಗೆ ಬಾಟಲಿಯ ಮೂತಿ ಕಿತ್ತು, ಒಳಕ್ಕೆ ನಲ್ಲಿಯ ನೀರನ್ನು ಚೂರು ಬಿಟ್ಟು ಕುಲುಕಿ, ಆ ತೊಳೆದ ನೀರನ್ನೇ ಎಡಹೊಳ್ಳೆಗೆ ಸುರಿದುಕೊಂಡಳು. ಕಣ್ಣಲ್ಲಿ ನೀರು ಬಂತೇ ಹೊರತು ಮೂಗು ಬಿಡಲಿಲ್ಲ. ಹುಬ್ಬುಗಳ ನಡುವೆ ಯಾರೋ ಒದ್ದೆ ಬಟ್ಟೆ ತುರುಕಿ ತುರುಕಿ ಇಟ್ಟಂತಿತ್ತು. ಹೊರಗಿನಿಂದ ಬಾಗಿಲು ತಟ್ಟಿದರು. 'ಬಂದೆ' ಅಂದದ್ದು 'ಬದ್ದೆ' ಅಂತ ಕೇಳಿಸಿತು. ಹೊರಗೆ ಕಾಯುತ್ತಿದ್ದ ಪಾಲಿಶ್ ಕೆಲಸದವಳು ದಾರಿ ಬಿಡುವಾಗ ಬೇಕಾದ್ದಕ್ಕಿಂತ ಒಂದು ಹೆಜ್ಜೆ ಹೆಚ್ಚೇ ಹಿಂದೆ ಸರಿದಳು. ಈಚೆಗೆ ಜನ ಹೀಗೆ ಸರಿಯುತ್ತಿದ್ದರು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿಯುತ್ತಿತ್ತು. ಮಧ್ಯಾಹ್ನ ಅಪ್ಪನಿಗೆ ಊಟ ಕೊಡುವ ಕೆಳಗಿನ ಮನೆಯಾಕೆ ಈಗೀಗ ತಟ್ಟೆಯನ್ನು ಬಾಗಿಲ ಪಕ್ಕದ ಸ್ಟೂಲಿನ ಮೇಲಿಟ್ಟು, ಕೋಲಿನಿಂದ ಸ್ಟೂಲನ್ನು ಮಂಚದ ಕಡೆ ತಳ್ಳಿ ಹೋಗುತ್ತಾಳಂತೆ. ಅಪ್ಪ ಅದನ್ನು ನಗುತ್ತಲೇ ಹೇಳಿದ್ದರು. ಆಕೆಗೆ ಏನೋ ಬೇಸರವಾಗಿರಬೇಕು, ಒಂದು ದಿನ ಹೋಗಿ ಮಾತಾಡಬೇಕು ಎಂದುಕೊಂಡವಳು ಇನ್ನೂ ಹೋಗಿರಲಿಲ್ಲ.

ಮೇಜಿನ ಮೇಲೆ ಯಾರದೋ ಬೊಚ್ಚುಬಾಯಿ ಕಾಯುತ್ತಿತ್ತು. ಹಲ್ಲಿನ ಡಾಕ್ಟರುಗಳು ಕಳಿಸುವ ಪ್ಲಾಸ್ಟರಿನ ಅಚ್ಚುಗಳಿಗೆ ಗುಲಾಬಿ ಮೇಣದ ವಸಡು ಕಟ್ಟಿ, ಒಂದೊಂದಾಗಿ ಹಲ್ಲು ನಿಲ್ಲಿಸುವುದು ಅವಳ ಕೆಲಸ. ಕೈ ಪಳಗಿದ ಕೆಲಸ. ಬೇರೆ ದಿನವಾಗಿದ್ದರೆ ಮನಸ್ಸು ಎಲ್ಲೋ ಅಲೆಯುತ್ತಿದ್ದರೂ ಬೆರಳು ತಮ್ಮ ಪಾಡಿಗೆ ತಾವು ಹಲ್ಲು ಕೂಡಿಸುತ್ತಿದ್ದವು. ಇವತ್ತು ಮುಂದಿನ ಹಲ್ಲು ಮೂರು ಸಲ ವಾಲಿತು. ಬಾಯಿ ತೆರೆದೇ ಉಸಿರಾಡಬೇಕು, ತೆರೆದ ಬಾಯಿಯೊಳಗೆ ಪ್ಲಾಸ್ಟರಿನ ಧೂಳು, ನಾಲಿಗೆಗೆ ಸುಣ್ಣದ ಒಗರು. ಬಿಸಿ ಚಾಕುವಿನಲ್ಲಿ ಮೇಣ ಕರಗಿಸಿ ಮತ್ತೆ ಹಲ್ಲನ್ನು ನೆಟ್ಟಗೆ ಮಾಡಿದಳು. ಸಂಜೆ ತಂಗಿ ಬರುತ್ತಾಳೆ. ಬೆಳಿಗ್ಗೆ ಫೋನು ಮಾಡಿ, 'ಅಕ್ಕಾ, ಆರು ಗಂಟೆ ಹೊತ್ತಿಗೆ ಬರ್ತೀನಿ, ನೀನು ಅಡುಗೆಗೆ ಒದ್ದಾಡಬೇಡ' ಅಂದಿದ್ದಳು. ಅಪ್ಪ ಮಂಚ ಹಿಡಿದ ಮೇಲೆ ಅವಳು ಬಂದದ್ದು ಒಂದೇ ಸಲ. ಬಂದವಳು ಅಪ್ಪನ ಬಟ್ಟೆ ಬದಲಿಸಲು ತಾನೂ ಕೈ ಹಚ್ಚುತ್ತೇನೆಂದು ತೋಳು ಮಡಚಿ, ದುಪಟಿ ಎತ್ತಿದ ಕೂಡಲೇ ಬಚ್ಚಲಿಗೆ ಓಡಿದ್ದಳು. ವಾಂತಿಯ ಸದ್ದು ಗೋಡೆ ದಾಟಿ ಬಂದಿತ್ತು. ಅಪ್ಪ ಛಾವಣಿ ನೋಡುತ್ತ ಮಲಗಿದ್ದರು. ಆಮೇಲೆ ದೊಡ್ಡ ಮಗಳ ಕೈ ಹಿಡಿದುಕೊಂಡಿದ್ದರು. ಅಲ್ಲಿಂದೀಚೆಗೆ ಫೋನಿನಲ್ಲಿ ಯಾರು ಸಿಕ್ಕರೂ, ಚಿಕ್ಕಪ್ಪ ಇರಲಿ, ಹಳೆಯ ಆಫೀಸಿನವರಿರಲಿ, ಅದೇ ಮಾತು: 'ನಮ್ಮ ದೊಡ್ಡವಳು ಒಂದು ದಿನ ಮೂಗು ಮುರಿದವಳಲ್ಲ ರೀ. ಚಿಕ್ಕವಳಿಗೆ ಪಾಪ ಆಗಲ್ಲ.' ಅಪ್ಪ ಇದನ್ನು ಹೇಳುವಾಗ ಅವಳು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಕೇಳಿಸಿಕೊಳ್ಳಬಾರದೆಂದು ನಲ್ಲಿ ಬಿಡುತ್ತಿದ್ದಳು, ನಲ್ಲಿಯ ಸದ್ದಿನೊಳಗೂ ಕಿವಿ ನಿಮಿರಿಸಿ ಕೇಳುತ್ತಿದ್ದಳು.

ಶುರುವಾದದ್ದು ಒಂದು ಸಾಮಾನ್ಯ ನೆಗಡಿಯಿಂದ. ಡಾಕ್ಟರು ಹನಿ ಬರೆದುಕೊಟ್ಟು 'ಸ್ವಲ್ಪ ದಿನ ಅಷ್ಟೇ, ಆಮೇಲೆ ನಿಲ್ಲಿಸಿಬಿಡಿ' ಅಂದಿದ್ದರು. ನಿಲ್ಲಿಸಿದರೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟಿತು. ಮತ್ತೆ ಎರಡು ಹನಿ ಬಿಟ್ಟರೆ, ಆಹಾ, ಮುಚ್ಚಿದ ಮನೆಯ ಬಾಗಿಲು ಯಾರೋ ಒದ್ದು ತೆರೆದ ಹಾಗೆ ತಣ್ಣನೆಯ ಗಾಳಿ ನೆತ್ತಿಯವರೆಗೆ ನುಗ್ಗುತ್ತಿತ್ತು. ಆ ಗಾಳಿ ಮೊದಮೊದಲು ಬೆಳಗಿನಿಂದ ಸಂಜೆಯವರೆಗೆ ಬಾಳುತ್ತಿತ್ತು, ಆಮೇಲೆ ಮಧ್ಯಾಹ್ನದವರೆಗೆ, ಈಗ ಒಂದು ಹಲ್ಲಿನ ಸೆಟ್ ಮುಗಿಸುವಷ್ಟರಲ್ಲಿ ಹೋಗಿಬಿಡುತ್ತದೆ. ಬಾಟಲಿ ಒಂದು ಚೀಲದಲ್ಲಿ, ಒಂದು ದಿಂಬಿನ ಕೆಳಗೆ, ಒಂದು ಲ್ಯಾಬಿನ ಡ್ರಾಯರಿನಲ್ಲಿ ಮೇಣದ ಹಾಳೆಗಳ ಅಡಿಯಲ್ಲಿ. ಇವತ್ತು ಮೂರೂ ಬರಿದಾಗಿದ್ದವು. ಮೂಗು ತೆರೆದಿದ್ದಾಗಲೂ ವಾಸನೆ ಬರುವುದಿಲ್ಲ ಎಂದು ತಿಳಿದದ್ದು ಮಾತ್ರ ಬಹಳ ತಡವಾಗಿ. ವಸಡಿನ ಗುಲಾಬಿ ಪುಡಿಗೆ ಬೆರೆಸುವ ದ್ರಾವಣದ ಸೀಸೆ ಒಂದು ದಿನ ಕೈತಪ್ಪಿ ಒಡೆದು, ಎಲ್ಲರೂ ಮೂಗು ಬಾಯಿ ಮುಚ್ಚಿಕೊಂಡು ಹೊರಗೋಡಿದರು. ಅವಳೊಬ್ಬಳೇ ಉಳಿದು ನೆಲ ಒರೆಸಿದಳು. ಗಂಟಲು ಉರಿಯಿತು, ಕಣ್ಣು ಉರಿಯಿತು, ಆದರೆ ವಾಸನೆಯೆಂಬುದು ಒಂದೆಳೆಯೂ ಇಲ್ಲ. ಲ್ಯಾಬಿನ ಯಜಮಾನರು ಬಾಗಿಲಲ್ಲೇ ನಿಂತು, 'ನೀನು ಗಟ್ಟಿಗಿತ್ತಿ ಬಿಡಮ್ಮ' ಅಂದರು. ಅವಳು ಬಟ್ಟೆ ಹಿಂಡುತ್ತ ಸುಮ್ಮನೆ ನಕ್ಕಳು. ಅದೇ ತಿಂಗಳು ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು.

ಆಸ್ಪತ್ರೆಯಿಂದ ತಂದ ಮಾರನೆಯ ಬೆಳಿಗ್ಗೆ ಅವಳು ಮಂಚದ ಪಕ್ಕ ನಿಂತು ಒಳಗೊಳಗೇ ಹಲ್ಲು ಕಚ್ಚಿಕೊಂಡಿದ್ದಳು. ಇಸ್ತ್ರಿ ಹಾಕಿದ ಅಂಗಿಯಿಲ್ಲದೆ ಬಾಗಿಲಾಚೆ ಕಾಲಿಡದ ಮನುಷ್ಯ. ರೈಲಿನಲ್ಲಿ ಟಿಕೆಟ್ ಪರೀಕ್ಷಿಸಲು ಹೊರಟರೆ ಕಿಸೆಯಲ್ಲಿ ಮಡಿಸಿದ ಎರಡು ಕರವಸ್ತ್ರ, ಒಂದು ತನಗೆ, ಇನ್ನೊಂದು ಕೊಳಕು ಡಬ್ಬಿಗಳಲ್ಲಿ ಮೂಗಿಗೆ. ಆ ಮನುಷ್ಯನ ದುಪಟಿ ಎತ್ತಬೇಕು. ಎತ್ತಿದಳು. ಏನೂ ಆಗಲಿಲ್ಲ. ಮೇಣದ ಗೊಂಬೆಯನ್ನು ಒರೆಸಿದ ಹಾಗೆ ಒರೆಸಿ, ಹೊಸ ಬಟ್ಟೆ ಕಟ್ಟಿ, ತಲೆಯೆತ್ತಿದರೆ ಅಪ್ಪ ಅವಳ ಮುಖವನ್ನೇ ನೋಡುತ್ತಿದ್ದರು. ಮುಖದ ಮೇಲೆ ಏನಾದರೂ ಸುಳಿಯುತ್ತದೆಯೇ ಎಂದು, ಟಿಕೆಟ್ಟಿಲ್ಲದೆ ಹತ್ತಿದ ಪ್ರಯಾಣಿಕನನ್ನು ನೋಡುವ ಹಾಗೆ. ಏನೂ ಸುಳಿಯದಿದ್ದಾಗ ಅವರ ಕಣ್ಣು ತುಂಬಿಕೊಂಡವು. 'ಸದ್ಯ, ನೀನು ಮುಖ ಕಿವಿಚಲಿಲ್ಲ' ಅಂದರು. 'ಇದೆಲ್ಲ ಒಂದು ದೊಡ್ಡ ವಿಷಯಾನಾ, ಅಪ್ಪಾ' ಅಂದಿದ್ದಳು ಅವಳು. ಆಗಲೇ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಹೇಳಲಿಲ್ಲ. ಆಮೇಲೆ ಒಮ್ಮೆ ಮೂಗಿನ ಡಾಕ್ಟರರ ಬಳಿ ಹೋಗಿದ್ದಳು. 'ಈ ಹನಿ ಬಿಡಿ, ಹಾಳಾಗಿರೋದು ಹನಿಯಿಂದಲೇ. ಒಂದಿಷ್ಟು ದಿನ ಕಷ್ಟಪಟ್ಟರೆ ಉಸಿರೂ ಬರುತ್ತೆ, ವಾಸನೇನೂ ಬರುತ್ತೆ' ಅಂದರು. ಮೆಟ್ಟಿಲಿಳಿಯುವಾಗ ಅವಳ ಮನಸ್ಸಿಗೆ ಬಂದ ಮೊದಲ ಮಾತು: ವಾಸನೆ ಬಂದು ಏನಾಗಬೇಕು? ಯಾರಿಗೆ ಬೇಕು? ಆ ಮಾತು ಬಂದದ್ದಕ್ಕೆ ಅವಳಿಗೇ ನಾಚಿಕೆಯಾಗಿ, ಬೀದಿಯಲ್ಲೇ ಗೋಡೆಯ ಕಡೆ ತಿರುಗಿ ಎರಡು ಹನಿ ಬಿಟ್ಟುಕೊಂಡು ಮನೆಗೆ ಬಂದಿದ್ದಳು.

ಮುಂದಿನ ಹಲ್ಲು ನಾಲ್ಕನೆಯ ಸಲವೂ ವಾಲಿದಾಗ ಚಾಕು ಕೆಳಗಿಟ್ಟು, ಯಜಮಾನರ ಬಳಿ ತಲೆನೋವು ಅಂದಳು. ಅವರು ಒಂದು ಕೈ ಬಾಯಿಗೆ ಅಡ್ಡ ಹಿಡಿದು, 'ಹೋಗು, ಹೋಗು. ನಾಳೆಯೂ ಬೇಕಾದರೆ ರಜ ತಗೋ' ಅಂದರು. ಅಷ್ಟು ಸುಲಭವಾಗಿ ಒಪ್ಪಿದ್ದು ಅವಮಾನವೆನಿಸಿತು. ಬೀದಿಯಲ್ಲಿ ಕಾಲು ತಾವಾಗಿಯೇ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದವು. ಯಾವಾಗಲೂ ಹೋಗುವ ಮೆಡಿಕಲ್ ಶಾಪಿನವನು ಈಚೆಗೆ ಹುಬ್ಬೇರಿಸುತ್ತಾನೆಂದು ತಿರುವು ದಾಟಿ ಇನ್ನೊಂದಕ್ಕೆ ಹೋದಳು. ಅಲ್ಲಿಯೂ ಗುರುತು ಹಿಡಿದರು. ಕನ್ನಡಕದ ಮೇಲಿನಿಂದ ನೋಡಿ, 'ಮೊನ್ನೆ ತಾನೆ ತಗೊಂಡು ಹೋದಿರಲ್ಲಮ್ಮ. ಯಾರಿಗೆ ಇಷ್ಟೊಂದು?' ಅಂದರು. 'ಅಪ್ಪನಿಗೆ' ಅಂದಳು. ನಾಲಿಗೆ ಸ್ವಲ್ಪವೂ ತಡವರಿಸಲಿಲ್ಲ. 'ವಯಸ್ಸಾದವರಿಗೆ ಇದು ಆಗಿಬರಲ್ಲ. ಬಿಪಿ ಏರುತ್ತೆ. ಒಂದ್ಸಲ ಡಾಕ್ಟರಿಗೆ ತೋರಿಸಿಬಿಡಿ, ನಿರ್ಲಕ್ಷ್ಯ ಮಾಡಬೇಡಿ.' 'ತೋರಿಸ್ತೀನಿ' ಅಂದಳು. ಪಕ್ಕದಲ್ಲಿ ನಿಂತಿದ್ದ ಮುದುಕಿ ಅಯ್ಯೋ ಪಾಪ ಎಂಬಂತೆ ಅವಳನ್ನು ನೋಡಿದಳು. ಆ ನೋಟವನ್ನೂ ಅಪ್ಪನ ಹೆಸರಿನಲ್ಲಿ ಪಡೆದುಕೊಂಡು, ಮುಂದಿನ ಮನೆಯ ಗೇಟಿನ ಮರೆಗೆ ಸರಿದು ತಲೆ ಹಿಂದಕ್ಕೆ ಚೆಲ್ಲಿದಳು. ಒದ್ದೆ ಬಟ್ಟೆ ಮೆಲ್ಲಗೆ ಕುಗ್ಗಿತು. ಗಾಳಿ ಬಂತು. ಲೋಕ ಮತ್ತೆ ತನ್ನ ಜಾಗದಲ್ಲಿ ನಿಂತಿತು. ಇಷ್ಟಕ್ಕೆ ತಾನೇ ನಾನು ಬದುಕುತ್ತಿರುವುದು ಅನ್ನಿಸಿ ಒಂದು ಕ್ಷಣ ಗೇಟಿನ ಸರಳು ಹಿಡಿದೇ ನಿಂತಳು.

ಮನೆಯ ಮೆಟ್ಟಿಲು ಹತ್ತುವಾಗ ಮೇಲಿನ ಕಿಟಕಿಗಳೆಲ್ಲ ಹಾರುಹೊಡೆದಿರುವುದು ಕಂಡಿತು. ಕೆಳಗಿನ ಮನೆಯಾಕೆ ಬಾಗಿಲಲ್ಲಿ ನಿಂತು, 'ನಿಮ್ಮ ತಂಗಿ ಬೇಗನೇ ಬಂದುಬಿಟ್ಟರು. ನಾನೇ ಕೀ ಕೊಟ್ಟೆ' ಅಂದು ಕಣ್ಣು ತಪ್ಪಿಸಿದಳು. ಕೋಣೆಯಲ್ಲಿ ತಂಗಿ ಬಾಯಿ ಮೂಗಿಗೆ ಟವೆಲು ಬಿಗಿದುಕೊಂಡು ಮಂಚದ ಕಾಲದೆಸೆಯಲ್ಲಿ ಕೂತಿದ್ದಳು. ಅಪ್ಪನ ಎಡಗಾಲು ಅವಳ ತೊಡೆಯ ಮೇಲಿತ್ತು. ಕತ್ತರಿಸಿದ ಉಣ್ಣೆಯ ಕಾಲುಚೀಲ ನೆಲದ ಮೇಲೆ ಬಿದ್ದಿತ್ತು. ಕಾಲು ತಣ್ಣಗಾಗುತ್ತೆ, ಇರಲಿ ಬಿಡು ಎಂದು ಅಪ್ಪ ತೆಗೆಯಲು ಬಿಡದೆ ಇದ್ದ ಕಾಲುಚೀಲ ಅದು. ಮೈಯೆಲ್ಲ ಒರೆಸುವವಳು ಅದೊಂದನ್ನು ಬಿಟ್ಟಿದ್ದಳು. ಹಿಮ್ಮಡಿಯಲ್ಲಿ ಕಪ್ಪಗೆ ಒಂದು ಗುಳಿ, ಅಂಚಿನಲ್ಲಿ ಹಳದಿ, ಸುತ್ತಲೂ ಕೆಂಪು ಊದಿಕೊಂಡು ಪಾದದ ಮೇಲಕ್ಕೆ ಹತ್ತುತ್ತಿತ್ತು. ಅವಳು ಬಗ್ಗಿ ನೋಡಿದಳು. ಹೊಸ ಹನಿಯ ಗಾಳಿ ಮೂಗಿನ ತುಂಬ ಓಡಾಡುತ್ತಿತ್ತು, ತಣ್ಣಗೆ, ಖಾಲಿಯಾಗಿ.

'ಆಟೋ ಕರೆಸಿದೀನಿ' ಅಂದಳು ತಂಗಿ. ದನಿ ಟವೆಲಿನೊಳಗಿನಿಂದ ಬಂತು. 'ಅಕ್ಕಾ, ಬಾಗಿಲು ತೆಗೀತಿದ್ದ ಹಾಗೇ ನನಗೆ ಗೊತ್ತಾಯಿತು. ಮೆಟ್ಟಿಲ ಮೇಲೇ ಗೊತ್ತಾಯಿತು.'

ಅಪ್ಪ ಅವಳನ್ನು ನೋಡಿ, ಅವಳೇ ಏನೋ ಪೆಟ್ಟು ತಿಂದವಳೆಂಬಂತೆ ಸಮಾಧಾನ ಹೇಳಿದರು. 'ಕಾಲುಚೀಲ ಕತ್ತರಿಸಿದಳು ಅಂತ ಚಿಕ್ಕವಳನ್ನ ಬೈಬೇಡ. ನನಗೆ ಮೊದಲೇ ಗೊತ್ತಿತ್ತು. ಚೂರು ಚೂರು ಉರೀತಿತ್ತು. ನೀನು ಇಷ್ಟೆಲ್ಲ ವಾಸನೆ ತಡ್ಕೊಂಡು ಒಂದು ಮಾತಾಡದೆ ಮಾಡ್ತಿದ್ದೆ. ಅದರ ಮೇಲೆ ಇದನ್ನೂ ಹೇಳಿ ನಿನಗೆ ಇನ್ನೊಂದು ಕೆಲಸ ಯಾಕೆ ಹಚ್ಚಲಿ ಅಂತ ಸುಮ್ಮನಿದ್ದೆ.'

ಆಸ್ಪತ್ರೆಯಲ್ಲಿ ಇನ್ನೂ ಚಿಕ್ಕ ವಯಸ್ಸಿನ ಡಾಕ್ಟರು ಕೈಗೆ ಗ್ಲೌಸು ಏರಿಸುತ್ತ, ಸಕ್ಕರೆ ಕಾಯಿಲೆ ಇದೆಯಾ, ಎಷ್ಟು ಕಾಲದಿಂದ ಮಲಗಿದ್ದಾರೆ ಎಂದೆಲ್ಲ ಕೇಳಿದರು. ಆಮೇಲೆ ತಲೆಯೆತ್ತದೆಯೇ, 'ಇಷ್ಟು ವಾಸನೆ ಬರೋವರೆಗೂ ಮನೆಯಲ್ಲಿ ಯಾರೂ ಗಮನಿಸಲಿಲ್ವಾ?' ಅಂದರು. ಉತ್ತರ ಅವಳ ಬಾಯಿಯಲ್ಲಿತ್ತು. ಅಷ್ಟರಲ್ಲಿ ತಂಗಿ, 'ಅಕ್ಕ ಕೆಲಸಕ್ಕೆ ಹೋಗಿ ಬಂದು ಒಬ್ಬಳೇ ಎಲ್ಲ ನೋಡ್ಕೋತಾಳೆ ಡಾಕ್ಟ್ರೇ. ಅವಳು ಇಂಥದ್ದಕ್ಕೆಲ್ಲ ಮುಖ ಸಿಂಡರಿಸೋಳಲ್ಲ. ನನ್ನ ಹಾಗಲ್ಲ' ಅಂದಳು. ಡಾಕ್ಟರು ಈಗ ತಲೆಯೆತ್ತಿ ಅವಳನ್ನು ಗೌರವದಿಂದ ನೋಡಿದರು. 'ಕಾಲು ಉಳಿಸೋಕೆ ಪ್ರಯತ್ನ ಮಾಡ್ತೀವಿ. ಈಗಲೇ ಏನೂ ಹೇಳೋಕಾಗಲ್ಲ' ಅಂದು ಪರದೆ ಎಳೆದರು. ಪರದೆಯ ಆಚೆ ಅಪ್ಪ ನರಳಿದರು. ಈಚೆ ಅವಳ ಬಲಹೊಳ್ಳೆ ಮುಚ್ಚತೊಡಗಿತು. ಇಂಥ ಹೊತ್ತಿನಲ್ಲೂ ಅದಕ್ಕೆ ನಾಚಿಕೆಯಿಲ್ಲ. ಆಮೇಲೆ ಎಡಹೊಳ್ಳೆ. ಚೀಲದೊಳಗೆ ಕೈ ಹಾಕಿ ಬಾಟಲಿಯನ್ನು ಮುಟ್ಟಿದಳು, ಬಿಟ್ಟಳು, ಮತ್ತೆ ಮುಟ್ಟಿದಳು. ಅಪ್ಪನ ಕಾಲು ಹೋಗುತ್ತದೋ ಇರುತ್ತದೋ ಎಂದು ಯೋಚಿಸಬೇಕಾದ ಮನಸ್ಸು, ಇಲ್ಲಿ ಎಲ್ಲಿ ಮರೆ ಸಿಗುತ್ತದೆ ಎಂದು ಹುಡುಕುತ್ತಿತ್ತು.

ಕಾರಿಡಾರಿನ ಕೊನೆಯಲ್ಲಿ, ನೀರಿನ ಫಿಲ್ಟರಿನ ಹಿಂದೆ, ತಲೆ ಚೆಲ್ಲಿ ನಿಂತಿದ್ದಾಗ ತಂಗಿ ಬಂದಳು. ಅವಳು ಬಾಟಲಿ ಬಚ್ಚಿಡಲಿಲ್ಲ. ಸಾಕಾಗಿತ್ತು. ತಂಗಿಯ ಕೈಗೇ ಕೊಟ್ಟಳು.

'ನೆಗಡಿಯಾ?'

'ನೆಗಡಿಯಲ್ಲ. ನನಗೆ ವಾಸನೆ ಬರಲ್ಲ. ಇದನ್ನ ಹಾಕಿ ಹಾಕಿ ಮೂಗು ಸತ್ತುಹೋಗಿದೆ. ಅಪ್ಪ ಬೀಳೋಕೆ ಮುಂಚಿನಿಂದಲೇ.'

ತಂಗಿ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬೈಯುತ್ತಾಳೆ, ಅಪ್ಪನ ಕಾಲು ನಿನ್ನಿಂದ ಹೋಯಿತು ಅನ್ನುತ್ತಾಳೆ ಎಂದು ಅವಳು ಕಾದಳು. ಅದನ್ನು ಕೇಳಲು ತಯಾರಾಗಿಯೂ ಇದ್ದಳು. ತಂಗಿ ಗೋಡೆಗೆ ಒರಗಿ, ತೀರಾ ಮೆಲ್ಲಗೆ, 'ಅಪ್ಪ ಎಲ್ಲರ ಹತ್ರ ನಿನ್ನ ಹೊಗಳೋವಾಗ ನೀನು ಅಲ್ಲೇ ಇರ್ತಿದ್ದೆ, ಅಲ್ವಾ?' ಅಂದಳು.

'ಇರ್ತಿದ್ದೆ.'

'ನಾನು ಇಷ್ಟು ತಿಂಗಳು ಯಾಕೆ ಬರಲಿಲ್ಲ ಗೊತ್ತಾ? ಆವತ್ತು ವಾಂತಿ ಮಾಡಿಕೊಂಡು ಹೊರಗೆ ಬಂದಾಗ ಅಪ್ಪ ನನ್ನ ಮುಖ ನೋಡಲಿಲ್ಲ. ನೀನು ಆರಾಮಾಗಿ ಬಟ್ಟೆ ಮಡಿಸ್ತಾ ನಿಂತಿದ್ದೆ. ಅಕ್ಕನಿಗೆ ಇರೋ ಕರುಳು ನನಗಿಲ್ಲ ಅಂತ ಅಂದ್ಕೊಂಡೆ. ನಾನು ಕೆಟ್ಟವಳು ಅಂತಲೇ ಅಂದ್ಕೊಂಡೆ, ಅಕ್ಕಾ. ಫೋನು ಕೈಗೆತ್ತಿಕೊಂಡರೆ ಆ ಮಾತು ಕೇಳಬೇಕಲ್ಲ ಅಂತ ಇಟ್ಟುಬಿಡ್ತಿದ್ದೆ.' ಬಾಟಲಿಯನ್ನು ವಾಪಸ್ಸು ಅವಳ ಕೈಗಿಟ್ಟಳು. 'ಅಪ್ಪನಿಗೆ ನೀನೇ ಹೇಳಬೇಕು. ನಾನು ಹೇಳಲ್ಲ. ನಾನು ಹೇಳಿದರೆ ಹೊಟ್ಟೆಕಿಚ್ಚು ಅಂತಾರೆ.'

ಅವಳಿಗೆ ತಂಗಿಯ ಭುಜ ಮುಟ್ಟಬೇಕೆನಿಸಿತು. ಲ್ಯಾಬಿನವರು, ಬಸ್ಸಿನವರು, ಕೆಳಗಿನ ಮನೆಯಾಕೆ ಯಾಕೆ ಸರಿಯುತ್ತಿದ್ದರೆಂದು ಆಗ ಹೊಳೆಯಿತು, ತನ್ನ ಬಟ್ಟೆಯ ತುಂಬ ಆ ಕೋಣೆಯ ವಾಸನೆ ಅಂಟಿಕೊಂಡಿರಬೇಕು. ಎತ್ತಿದ ಕೈಯನ್ನು ಹಾಗೇ ಇಳಿಸಿದಳು.

ಕಾಲು ಉಳಿಯಿತು. ಹಿಮ್ಮಡಿಯ ಅರ್ಧ ಮಾಂಸ ಕೆತ್ತಿ ತೆಗೆದರು, ಗಾಯ ತುಂಬಲು ಬಹಳ ಕಾಲ ಹಿಡಿಯಿತು. ಅಪ್ಪ ಆಸ್ಪತ್ರೆಯಲ್ಲಿದ್ದಾಗಲೇ ಅವಳು ಮೂಗಿನ ಡಾಕ್ಟರರ ಬಳಿ ಮತ್ತೆ ಹೋದಳು. ಅವರು ಬೇರೊಂದು ಸ್ಪ್ರೇ ಬರೆದುಕೊಟ್ಟು, ಹಳೆಯದನ್ನು ಮೊದಲು ಒಂದು ಹೊಳ್ಳೆಗೆ ನಿಲ್ಲಿಸಿ, ಅದು ತೆರೆದ ಮೇಲೆ ಇನ್ನೊಂದಕ್ಕೆ ಅಂದರು. ಹೇಳುವುದು ಸುಲಭ. ಅರ್ಧ ಮುಖ ಉಸಿರಾಡುತ್ತಿತ್ತು, ಅರ್ಧ ಮುಖ ಕಲ್ಲಾಗಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಎರಡು ದಿಂಬಿಗೆ ಒರಗಿ ಕೂತೇ ತೂಕಡಿಸುವಳು. ಕೂತರೆ ನಿಲ್ಲಬೇಕೆನಿಸಿ, ನಿಂತರೆ ನಡೆಯಬೇಕೆನಿಸಿ, ಕೋಣೆಯಿಂದ ಕೋಣೆಗೆ ಓಡಾಡುವಳು. ಯಾರ ಮಾತನ್ನೂ ಕೊನೆಯವರೆಗೆ ಕೇಳಲಾಗುತ್ತಿರಲಿಲ್ಲ. ಕಸದ ಬುಟ್ಟಿಗೆ ಹಾಕಿದ ಬಾಟಲಿಯನ್ನು ಒಂದು ಸಲ ಕೈ ಹಾಕಿ ಹೆಕ್ಕಿದಳು. ಹನಿ ಬಿಟ್ಟುಕೊಂಡು, ಕಸದ ಬುಟ್ಟಿಯ ಪಕ್ಕದಲ್ಲೇ ಕುಕ್ಕರಿಸಿ ಅತ್ತಳು. ತಂಗಿ ಈಗ ವಾರಕ್ಕೊಮ್ಮೆ ಬರುತ್ತಿದ್ದಳು. 'ಹೇಗಿದೆ?' ಎಂದು ತಂಗಿ ತನ್ನ ಮೂಗು ಮುಟ್ಟಿ ಕೇಳುವಳು, ಅವಳು ತಲೆಯಾಡಿಸುವಳು. ಅಪ್ಪ ಮನೆಗೆ ಬಂದ ಮೇಲೂ ಅವಳು ಹೇಳಬೇಕಾದ್ದನ್ನು ಹೇಳಿರಲಿಲ್ಲ. ಗಾಯಕ್ಕೆ ಪಟ್ಟಿ ಕಟ್ಟಲು ಬರುವ ನರ್ಸಿನ ಎದುರೂ ಅಪ್ಪ ಅದೇ ಹೊಗಳಿಕೆ ಶುರುಮಾಡಿದ್ದರು.

ಒಂದು ಬೆಳಿಗ್ಗೆ ಮುಖ ಒರೆಸಿಕೊಳ್ಳಲು ಟವೆಲು ಎತ್ತಿದಳು. ಏನೋ ಹುಳಿಹುಳಿಯಾದದ್ದು ಮುಖಕ್ಕೆ ಬಡಿಯಿತು. ಬೆಚ್ಚಿ ಟವೆಲನ್ನು ದೂರ ಹಿಡಿದು, ಮತ್ತೆ ಹತ್ತಿರ ತಂದಳು. ಒಣಗದೆ ಮುಗ್ಗಿದ ಬಟ್ಟೆಯ ವಾಸನೆ. ಇಷ್ಟು ಕೊಳಕು ಟವೆಲಿನಲ್ಲಿ ದಿನಾ ಮುಖ ಒರೆಸಿಕೊಳ್ಳುತ್ತಿದ್ದೆನಾ ಎಂದು ಅಸಹ್ಯವಾಯಿತು, ಅಸಹ್ಯದೊಳಗೇ ಎದೆ ಹಾರಿತು. ಮುಖವನ್ನು ಟವೆಲಿನಲ್ಲಿ ಹುದುಗಿಸಿ ಉದ್ದಕ್ಕೆ ಎಳೆದುಕೊಂಡಳು. ಆಮೇಲೆ, ಅದೇ ಉತ್ಸಾಹದಲ್ಲಿ, ಬಿಸಿನೀರಿನ ಬೋಗುಣಿ ಹಿಡಿದು ಅಪ್ಪನ ಕೋಣೆಗೆ ಹೋಗಿ ದುಪಟಿ ಎತ್ತಿದಳು.

ಅವಳು ತಯಾರಾಗಿರಲಿಲ್ಲ. ಹೊಟ್ಟೆ ಬುಡದಿಂದ ಕಿತ್ತು ಬಂತು. ಮೊಣಕೈಯನ್ನು ಬಾಯಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಮುಖವನ್ನು ಪಕ್ಕಕ್ಕೆ ತಿರುಗಿಸಿದಳು. ಎಲ್ಲ ಒಂದು ಕ್ಷಣದೊಳಗೆ ಆಗಿಹೋಯಿತು. ಕಣ್ಣು ಬಿಟ್ಟಾಗ ಅಪ್ಪ ಎಂದಿನಂತೆ ಅವಳ ಮುಖವನ್ನೇ ನೋಡುತ್ತಿದ್ದರು. ಆ ಮುಖದಲ್ಲಿದ್ದ ನಿಶ್ಚಿಂತೆ ಮೆಲ್ಲಗೆ ಕಳಚಿಕೊಳ್ಳುವುದನ್ನು ಅವಳು ನೋಡಿದಳು.

'ಇವತ್ತು ಏನಾಯಿತು?' ಅಂದರು.

'ಅಪ್ಪಾ, ನನಗೆ ಇಷ್ಟು ದಿನ ವಾಸನೆ ಬರ್ತಿರಲಿಲ್ಲ. ಮೂಗಿಗೆ ಹಾಕ್ಕೊಳ್ಳೋ ಔಷಧಿಯಿಂದ ಮೂಗು ಹೋಗಿತ್ತು. ಈಗ ಬಿಟ್ಟೆ. ಇವತ್ತು ಬಂತು.'

'ಮೊದಲಿನಿಂದಲೂ?'

'ಮೊದಲಿನಿಂದಲೂ. ತಡ್ಕೊಂಡಿದ್ದಲ್ಲ. ಗೊತ್ತೇ ಆಗ್ತಿರಲಿಲ್ಲ. ಕಾಲಿನದ್ದೂ ಹಾಗೇ.'

ಅಪ್ಪ ದುಪಟಿಯ ಅಂಚನ್ನು ಎಳೆದು ಮೈ ಮುಚ್ಚಿಕೊಳ್ಳಲು ನೋಡಿದರು. ಅಂಚು ಕೈಗೆ ಸಿಗಲಿಲ್ಲ. 'ಊರಿಗೆಲ್ಲ ಹೇಳಿಕೊಂಡು ಬಂದೆನಲ್ಲ' ಅಂದರು, ತಮಗೆ ತಾವೇ. 'ಚಿಕ್ಕವಳ ಎದುರಿಗೂ' ಅಂದರು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿ, 'ಆ ನರ್ಸಮ್ಮನೇ ಬರಲಿ ಬಿಡು ಇದಕ್ಕೂ. ನೀನು ಬೇಡ' ಅಂದರು.

ಬೋಗುಣಿಯ ನೀರು ಆರುತ್ತಿತ್ತು. ಎಷ್ಟೋ ದಿನ ಅವಳು ಬಯಸಿದ್ದ ಮಾತು ಇದೇ, ಬೇರೆ ಯಾರಾದರೂ ಬರಲಿ, ನೀನು ಬೇಡ. ಈಗ ಅದು ಕೆಲಸದಿಂದ ತೆಗೆದುಹಾಕಿದ ಹಾಗೆ ಕೇಳಿಸಿತು. ಕಾಲು ಬಾಗಿಲ ಕಡೆ ಹೋಗಲೂ ಇಲ್ಲ, ಮಂಚದ ಕಡೆ ಬರಲೂ ಇಲ್ಲ. ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡಿದಳು, ಮತ್ತೆ ಅದ್ದಿದಳು.

'ನಾನೇ ಮಾಡ್ತೀನಿ' ಅಂದಳು. 'ಮುಖ ಹೀಗೇ ಇರುತ್ತೆ. ಅದಕ್ಕೆ ನಾನೇನೂ ಮಾಡೋಕಾಗಲ್ಲ.'

ಅಪ್ಪ ಗೋಡೆಗೆ ಹೇಳುವಂತೆ ಮಾತಾಡಿದರು. 'ನೀನು ಕೂಸಾಗಿದ್ದಾಗ ನಿಮ್ಮಮ್ಮ ನಿನ್ನ ಬಟ್ಟೆ ಬಿಚ್ಚೋಕೆ ಕೂತಳು ಅಂದರೆ, ನಾನು ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಹೋಗಿಬಿಡ್ತಿದ್ದೆ. ಚಿಕ್ಕವಳು ಹುಟ್ಟಿದ ಮೇಲೂ ಅಷ್ಟೇ. ಒಂದು ದಿನ ಒಳಗೆ ನಿಂತಿಲ್ಲ. ನಿಮ್ಮಮ್ಮ ಎಲ್ಲ ಮುಗಿಸಿ ಕಿಟಕಿಯಿಂದ ಕರೀತಿದ್ದಳು, ಆಮೇಲೆ ಬರ್ತಿದ್ದೆ.' ತಡೆದು, 'ನೀನೂ ಬೇಕಾದರೆ ಸ್ವಲ್ಪ ಹೊರಗೆ ಹೋಗಿ ಬಾ. ನಾನು ಕಾಯ್ತೀನಿ. ನನಗೇನು ಅವಸರ' ಅಂದರು.

ಅವಳು ಹೋದಳು. ಬಾಲ್ಕನಿಯ ಕಂಬಿ ಹಿಡಿದು, ಎರಡೂ ಹೊಳ್ಳೆಗಳಿಂದ ಉಸಿರೆಳೆದುಕೊಂಡಳು. ಎಡಗಡೆ ಇನ್ನೂ ಸ್ವಲ್ಪ ಸೀಟಿ ಹೊಡೆಯುತ್ತಿತ್ತು. ಕೆಳಗಿನಿಂದ ಯಾರೋ ಹಚ್ಚುತ್ತಿದ್ದ ಹಸಿ ಬಣ್ಣದ್ದು, ಮೋರಿಯದ್ದು, ಬ್ರೆಡ್ಡು ಸುಡುತ್ತಿದ್ದದ್ದು, ಎಲ್ಲ ವಾಸನೆ ಕಲಸಿಕೊಂಡು ಮೇಲೆ ಬಂತು. ಯಾವುದು ಎಲ್ಲಿಯದು ಎಂದು ಬಿಡಿಸಿಕೊಳ್ಳಲು ಪುರುಸೊತ್ತಿರಲಿಲ್ಲ. ಒಲೆಯ ಮೇಲಿನಿಂದ ಬೇರೆ ಬಿಸಿನೀರು ತುಂಬಿಕೊಂಡು ಕೋಣೆಗೆ ಬಂದಳು. ಅಪ್ಪ ದುಪಟಿಯನ್ನು ತಾವೇ ಕೆಳಕ್ಕೆ ಸರಿಸಿದ್ದರು. ಒಂದು ಕೈಯಿಂದ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದು, ನೋವಿಗೆ ತುಟಿ ಕಚ್ಚಿ, ಅರ್ಧ ಮಗ್ಗುಲಾಗಿದ್ದರು. ಇಷ್ಟು ತಿಂಗಳಲ್ಲಿ ಅವರು ತಾವಾಗಿ ಹೊರಳಿದ್ದು ಅದೇ ಮೊದಲು.

ಅವಳು ಬೋಗುಣಿ ಕೆಳಗಿಟ್ಟು, ಮೂಗಿಗೆ ಏನನ್ನೂ ಅಡ್ಡ ಹಿಡಿಯದೆ ಬಗ್ಗಿದಳು. 'ಇನ್ನು ಚೂರು ಆ ಕಡೆ, ಅಪ್ಪಾ' ಅಂದಳು.